ರೂಪ ಮೊದಲೋ, ಭಾವ ಮೊದಲೋ? ಬುಟೋ ನೃತ್ಯದ ಚರ್ಚೆಯಿಂದ ಬೋಧನಾಭ್ಯಾಸಕ್ಕೆ

ಪೀಠಿಕೆ

ಎರಡು ವರ್ಷದ ಬಿ.ಇಡಿ. ಪಠ್ಯಕ್ರಮದಲ್ಲಿ ‘ಶಿಕ್ಷಣದಲ್ಲಿ ನಾಟಕ ಮತ್ತು ಕಲೆ’ ಎಂಬ ಭಾಗವಿದೆ. ವಿಜ್ಞಾನದ ಪ್ರಶಿಕ್ಷಣಾರ್ಥಿಗಳಿಗೆ ಇದರಿಂದೇನು ಪ್ರಯೋಜನ? ಜಪಾನಿನ ಬುಟೋ ನೃತ್ಯದ ಕುರಿತ ಚಿಂತನೆಯ ಮೂಲಕ ಈ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ತಿಳಿದುದರಿಂದ ತಿಳಿಯದುದರ ಕಡೆಗೆ

ಮುಧೋಳ ಭಾಗದವರಿಗೆ ಶ್ರೀಕೃಷ್ಣ ಪಾರಿಜಾತ ಹೊಸದಲ್ಲ. ಕೃಷ್ಣನು ಹೂವನ್ನು ರುಕ್ಮಿಣಿಗೆ ಕೊಟ್ಟಾಗ ಸತ್ಯಭಾಮೆಗೆ ಬರುವ ಸಿಟ್ಟನ್ನು ಹಾಡು, ಮಾತು, ಹೆಜ್ಜೆ ಕೂಡಿ ತೋರಿಸುತ್ತವೆ. ಅಲ್ಲಿ ಮೈ ಕಥೆಗಾಗಿ ದುಡಿಯುತ್ತದೆ. ಬುಟೋದಲ್ಲಿ ಸಾಮಾನ್ಯವಾಗಿ ಹೇಳಬೇಕಾದ ಕಥೆಯೇ ಇರುವುದಿಲ್ಲ. ಮೈಗೆ ಬಿಳಿ ಬಣ್ಣ ಬಳಿದ ನರ್ತಕರು ಬಾಗಿ, ಕುಕ್ಕರಿಸಿ, ಹೆಚ್ಚಾಗಿ ಬಹಳ ನಿಧಾನವಾಗಿ ಚಲಿಸುತ್ತಾರೆ.

ಇಬ್ಬರು ಗುರುಗಳು, ಎರಡು ನಿಲುವು

1959ರಲ್ಲಿ ಟೋಕಿಯೊದಲ್ಲಿ ತತ್ಸುಮಿ ಹಿಜಿಕಾತ (1928–1986) ಪ್ರದರ್ಶಿಸಿದ ‘ಕಿಂಜಿಕಿ’ಯನ್ನು ಬುಟೋದ ಆರಂಭವೆಂದು ಗುರುತಿಸುತ್ತಾರೆ. ಭತ್ತ ಬೆಳೆಯುವ ಅಕಿತಾ ಪ್ರಾಂತದಿಂದ ಬಂದ ಅವರು ಕೆಸರು, ಚಳಿ, ಬಾಗಿದ ಬೆನ್ನುಗಳನ್ನೇ ನೃತ್ಯಕ್ಕೆ ತಂದರು. ನರ್ತಕರಿಗೆ ಮಾತಿನ ಚಿತ್ರಗಳನ್ನು ಕೊಟ್ಟು ಮೈಯನ್ನು ರೂಪಿಸಿದರು. ರೂಪ ಬಂದರೆ ಜೀವ ಹಿಂದೆಯೇ ಬರುತ್ತದೆ ಎಂಬುದು ಅವರ ನಿಲುವು.

ಅವರ ಸಹವರ್ತಿ ಕಜುವೊ ಓನೊ (1906–2010) ದೈಹಿಕ ಶಿಕ್ಷಣದ ಶಿಕ್ಷಕರಾಗಿದ್ದವರು. 1977ರಲ್ಲಿ, 71ರ ವಯಸ್ಸಿನಲ್ಲಿ, ಲಾ ಅರ್ಜೆಂಟಿನಾ ಎಂಬ ನರ್ತಕಿಯ ನೆನಪಿಗೆ ಅವರು ನರ್ತಿಸಿದರು, ನಿರ್ದೇಶನ ಹಿಜಿಕಾತರದು. ಓನೊ ಅವರ ಪ್ರಕಾರ ಒಳಗಿನ ಜೀವ ಮುಂದೆ, ರೂಪ ಹಿಂದೆ.

ಬುಟೋವನ್ನು ಹಿರೋಶಿಮಾದ ನೋವಿಗೆ ಮಾತ್ರ ಕಟ್ಟಿಹಾಕುವುದನ್ನು ಅನೇಕ ವಿದ್ವಾಂಸರು ಒಪ್ಪುವುದಿಲ್ಲ. ಮೈ ಎಂದರೇನು ಎಂಬುದೇ ಅದರ ದೊಡ್ಡ ಪ್ರಶ್ನೆ. ನಾವು ಜಗತ್ತನ್ನು ಅರಿಯುವುದೇ ಮೈಯ ಮೂಲಕ ಎಂದರು ಫ್ರಾನ್ಸಿನ ತತ್ವಜ್ಞಾನಿ ಮೆರ್ಲೊ-ಪಾಂಟಿ. ಮೈ-ಮನಸ್ಸುಗಳ ಐಕ್ಯ ಅಭ್ಯಾಸದಿಂದ ಸಾಧಿಸಬೇಕಾದದ್ದು ಎಂದರು ಜಪಾನಿನ ಯಸುವೊ ಯುಆಸಾ.

ತರಗತಿಗೆ ಅನ್ವಯ: ಬೀಜ ಮೊಳೆಯುವುದು

ಈ ಪಾಠವನ್ನು ಅಭಿನಯಿಸುವಾಗ ಮಕ್ಕಳು ಸಾಮಾನ್ಯವಾಗಿ ಕುಳಿತು, ಕೈಗಳನ್ನು ಮೇಲೆತ್ತುತ್ತಾರೆ. ನೋಡಲು ಚೆಂದ, ಆದರೆ ವಿಜ್ಞಾನದ ದೃಷ್ಟಿಯಿಂದ ಅಪೂರ್ಣ. ಹೆಸರುಕಾಳು ನೀರು ಕುಡಿದು ಉಬ್ಬಿದ ಮೇಲೆ ಮೊದಲು ಹೊರಬರುವುದು ಬೇರು. ಅನಂತರ ಕಾಂಡ ಕೊಕ್ಕೆಯಂತೆ ಬಾಗಿ ಮಣ್ಣನ್ನು ಸೀಳುತ್ತದೆ. ಇದರಿಂದ ಎಳೆಯ ತುದಿಗೆ ರಕ್ಷಣೆ ಸಿಗುತ್ತದೆ. ಬೆಳಕು ತಾಗಿದ ಮೇಲೆ ಕೊಕ್ಕೆ ನೆಟ್ಟಗಾಗುತ್ತದೆ.

1. ಮಕ್ಕಳು ಮೊಳಕೆಯನ್ನು ಮೂರು ನಾಲ್ಕು ದಿನ ಗಮನಿಸಿ ಚಿತ್ರ ಬರೆಯಲಿ.
2. ಶಿಕ್ಷಕರು ಒಂದೊಂದೇ ಮಾತು ಕೊಡಲಿ: ‘ಸಿಪ್ಪೆ ಬಿಗಿಯಾಗುತ್ತಿದೆ’, ‘ಬೆನ್ನ ಮೇಲೆ ಮಣ್ಣಿನ ಭಾರವಿದೆ’. ಮಕ್ಕಳು ನಿಧಾನವಾಗಿ ಚಲಿಸಲಿ. ಬಾಗಲಾಗದವರು ಬೆರಳಿನಿಂದಲೇ ಮಾಡಲಿ.
3. ಬಾಗಿ ನಿಂತಾಗ ಕೇಳಬೇಕು: ‘ತಲಿ ಮೊದಲ ಮ್ಯಾಲ ಬಂದಿದ್ರ ಏನಾಗತಿತ್ತು?’

ಉತ್ತರ ಮೈಯಿಂದ ಮಾತಿಗೆ ಬರುತ್ತದೆ.

ಸಮಾರೋಪ

ಸೂಕ್ಷ್ಮ ಬೋಧನೆಯಲ್ಲಿ ನಾವು ಪ್ರಶ್ನಿಸುವಿಕೆ, ಪುನರ್ಬಲನ ಮುಂತಾದ ಕೌಶಲಗಳನ್ನು ಬಿಡಿಬಿಡಿಯಾಗಿ ರೂಢಿಸುತ್ತೇವೆ. ಇದು ಹಿಜಿಕಾತರ ದಾರಿ, ಅದು ಬೇಕು. ಆದರೆ ಮಗುವಿನ ಮುಖ ನೋಡದೆ ಹೇಳಿದ ‘ಶಾಬಾಶ್’ ಬರೀ ರೂಪ. ಅಲ್ಲಿ ಓನೊ ನೆನಪಾಗಬೇಕು. ಆದ್ದರಿಂದ ಪಾಠ ವೀಕ್ಷಣಾ ನಮೂನೆಗೆ ಒಂದು ಪ್ರಶ್ನೆ ಸೇರಿಸಬಹುದೆಂದು ಸೂಚಿಸುತ್ತೇನೆ: ಮಗುವಿನ ಉತ್ತರ ಕೇಳಿದ ಮೇಲೆ ಶಿಕ್ಷಕರ ಮುಂದಿನ ಪ್ರಶ್ನೆ ಬದಲಾಯಿತೇ?