ಅಜ್ಜಿಯ ಬೆರಳ ಗೆಣ್ಣು ಮತ್ತು ಸಣ್ಣ ಕರುಳಿನ ಬ್ಯಾಕ್ಟೀರಿಯಾ

ಈ ಸಲದ ಭಿತ್ತಿಪತ್ರಿಕೆಗೆ ವಿಜ್ಞಾನದ ಲೇಖನ ಬರೆಯುವ ಸರದಿ ನನ್ನದು. ಮೊದಲು ಸೌರವ್ಯೂಹದ ಬಗ್ಗೆ ಬರೆಯೋಣ ಅಂದುಕೊಂಡಿದ್ದೆ. ಆದರೆ ಅದನ್ನು ಹೋದ ತಿಂಗಳೇ ಚಿತ್ರ ಸಮೇತ ಬರೆದು ಅಂಟಿಸಿ ಆಗಿದೆ. ಆದ್ದರಿಂದ ನಮ್ಮ ಮನೆಯಲ್ಲೇ ನಡೆದ ಸಂಗತಿಯನ್ನು ಪಾಠದ ಜೊತೆ ಸೇರಿಸಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ಕ್ಷಮಿಸಿ.

ನಮ್ಮ ಅಜ್ಜಿಯನ್ನು ನಿಮಗೆಲ್ಲ ಗೊತ್ತು. ಹುಣಸೆಹಣ್ಣಿನ ಕಾಲದಲ್ಲಿ ನೀವೆಲ್ಲ ನಮ್ಮ ಜಗಲಿಗೆ ಬಂದು ಬೀಜ ಬಿಡಿಸಿದವರೇ. ಎರಡು ವರ್ಷದಿಂದ ಅಜ್ಜಿಗೆ ಹೊಟ್ಟೆ ಸರಿ ಇರಲಿಲ್ಲ. ಉಂಡ ಅರ್ಧ ಗಂಟೆಗೆ ಹೊಟ್ಟೆ ಉಬ್ಬಿ ತಮಟೆ ಹಾಗೆ ಆಗುತ್ತಿತ್ತು. ಗುಡುಗುಡು ಶಬ್ದ ಪಕ್ಕದಲ್ಲಿ ಮಲಗಿದ ನನಗೂ ಕೇಳಿಸುತ್ತಿತ್ತು. ದಿನಕ್ಕೆ ನಾಲ್ಕೈದು ಸಲ ಚೆಂಬು ಹಿಡಿದು ಹೋಗುತ್ತಿದ್ದರು. ನಾಲಿಗೆ ಕೆಂಪಗಾಗಿ ನುಣ್ಣಗಾಗಿತ್ತು, ಸಾರಿನ ಖಾರ ತಡೆಯುತ್ತಿರಲಿಲ್ಲ. ಪಾದ ಜುಮ್ಮೆನ್ನುತ್ತೆ ಅನ್ನುತ್ತಿದ್ದರು. ಆಮೇಲೆ ಎರಡೂ ಕೈಯ ಬೆರಳ ಗೆಣ್ಣುಗಳು ಕಪ್ಪಗಾದವು. ಮಸಿ ಬಳಿದ ಹಾಗೆ. ಉಗುರಿನ ಬುಡ ಸಹ ಕಪ್ಪಾಯಿತು.

ಹೊಟ್ಟೆಗೂ ಕೈಗೂ ಏನು ಸಂಬಂಧ ಅಂತ ನಾವ್ಯಾರೂ ಯೋಚಿಸಲಿಲ್ಲ. ಹೊಟ್ಟೆಗೆ ಓಮದ ನೀರು, ಕೈಗೆ ಅಂಗಡಿಯ ಮುಲಾಮು. ಮುಲಾಮು ಆರು ಡಬ್ಬಿ ಖಾಲಿಯಾಯಿತು.

ಅಷ್ಟರಲ್ಲಿ ಊರಲ್ಲಿ ಒಂದು ಮಾತು ಹುಟ್ಟಿತು. 'ಅದು ದೊಡ್ಡ ರೋಗ, ಮುಟ್ಟಬೇಡಿ' ಅಂತ. ಅಜ್ಜಿ ಕೊಟ್ಟ ಕಡ್ಲೆಪುರಿಯನ್ನು ನಮ್ಮ ತರಗತಿಯ ಮೂರು ಜನ ಕೈಯಲ್ಲಿ ಹಿಡಿದುಕೊಂಡು, ತಿನ್ನದೆ, ದಾರಿಯಲ್ಲಿ ಕೋಳಿಗೆ ಹಾಕಿದರು. ಅವರ ಹೆಸರು ಬರೆಯುವುದಿಲ್ಲ. ಯಾಕೆಂದರೆ ಅದೇ ವಾರ ನಾನೂ ಅಜ್ಜಿ ಕಲಸಿದ ತುತ್ತನ್ನು ಬೇಡ ಅಂದೆ. ಹೊಟ್ಟೆ ತುಂಬಿದೆ ಅಂತ ಸುಳ್ಳು ಹೇಳಿದೆ. ಅಜ್ಜಿ ಏನೂ ಅನ್ನಲಿಲ್ಲ, ತುತ್ತನ್ನು ತಟ್ಟೆಯಲ್ಲೇ ಇಟ್ಟರು.

ಬೇಸಿಗೆ ರಜದಲ್ಲಿ ಅಪ್ಪ ಅಜ್ಜಿಯನ್ನು ಪಟ್ಟಣದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ಚೀಟಿ ಓದಲು ನಾನೂ ಹೋದೆ. ಡಾಕ್ಟರಮ್ಮ ಮೊದಲು ಅಜ್ಜಿಯ ಕಣ್ಣು ಮುಚ್ಚಿಸಿ, ಗೆಣ್ಣುಗಳ ಮೇಲೆ ಹತ್ತಿಯ ಎಳೆ ಸೋಕಿಸಿದರು. ಅಜ್ಜಿ ಪ್ರತಿ ಸಲವೂ 'ಹೂಂ, ಇಲ್ಲಿ' ಅಂದರು. ಕುಷ್ಠದ ಮಚ್ಚೆ ಸಾಮಾನ್ಯವಾಗಿ ಬಿಳಿಚಿಕೊಂಡೋ ಕೆಂಪಗೋ ಇರುತ್ತದೆ, ಅಲ್ಲಿ ಸ್ಪರ್ಶ ತಿಳಿಯುವುದಿಲ್ಲ. ಇದು ಅದಲ್ಲ ಅಂದರು. (ಕುಷ್ಠವೇ ಆಗಿದ್ದರೂ ಮಾತ್ರೆಯಿಂದ ವಾಸಿಯಾಗುತ್ತದೆ, ಒಂದು ಸಲ ಮುಟ್ಟಿದ ಮಾತ್ರಕ್ಕೆ ಹರಡುವುದಿಲ್ಲ ಅಂತ ನಮ್ಮ ವಿಜ್ಞಾನ ಮೇಡಂ ಇದನ್ನು ಓದಿ ಸೇರಿಸಲು ಹೇಳಿದ್ದಾರೆ.)

ಆಮೇಲೆ ಅಜ್ಜಿಯ ಹೊಟ್ಟೆಯ ಮೇಲಿನ ಉದ್ದದ ಗಾಯದ ಗುರುತು ನೋಡಿ, 'ಇದ್ಯಾವಾಗ ಆಗಿದ್ದು ಅಜ್ಜಿ?' ಅಂತ ಕೇಳಿದರು. 1986ರಲ್ಲಿ ಹೊಟ್ಟೆ ಹುಣ್ಣಿಗೆ ಮಾಡಿದ ಆಪರೇಷನ್. ಆಗ ಅಪ್ಪ ನಾಲ್ಕು ವರ್ಷದ ಮಗು. ಆ ಕಾಲದಲ್ಲಿ ದಕ್ಷಿಣ ಭಾರತದಲ್ಲಿ ಹುಣ್ಣಿಗೆ ಈ ಆಪರೇಷನ್ ಬಹಳ ಮಾಡುತ್ತಿದ್ದರಂತೆ. ಈಗ ಅಪರೂಪ. ಹುಣ್ಣಿಗೆ ಹೆಚ್ಚಾಗಿ ಒಂದು ಬ್ಯಾಕ್ಟೀರಿಯಾವೇ ಕಾರಣ ಅಂತ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ತೋರಿಸಿದರು. ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಹೊಟ್ಟೆ ಕೆಡಿಸಿಕೊಂಡರು! ಇಬ್ಬರಿಗೂ 2005ರಲ್ಲಿ ನೊಬೆಲ್ ಬಹುಮಾನ ಬಂತು. ಈಗ ಹುಣ್ಣು ಮಾತ್ರೆಯಲ್ಲೇ ವಾಸಿಯಾಗುತ್ತದೆ. ಅಜ್ಜಿಗೆ ಆ ಅದೃಷ್ಟ ಇರಲಿಲ್ಲ, ಆದರೆ ಆ ಆಪರೇಷನ್ ಆವತ್ತು ಅವರ ಜೀವ ಉಳಿಸಿತು ಅಂತ ಡಾಕ್ಟರಮ್ಮ ಹೇಳಿದರು.

ಇನ್ನು ಪಾಠಕ್ಕೆ ಬರೋಣ. ನಮ್ಮ ಪಚನಾಂಗಗಳ ಚಿತ್ರ ಕೆಳಗೆ ಬರೆದಿದ್ದೇನೆ, ಹಸಿರು ಬಣ್ಣ ಮುಗಿದದ್ದರಿಂದ ಪಿತ್ತಕೋಶ ನೀಲಿಯಾಗಿದೆ. ಸಣ್ಣ ಕರುಳು ಸುಮಾರು 6 ಮೀಟರ್ ಉದ್ದ, ದೊಡ್ಡ ಕರುಳು ಸುಮಾರು 1.5 ಮೀಟರ್. ಬಾವಿ ಹಗ್ಗದಿಂದ 6 ಮೀಟರ್ ಅಳೆದು ಶಾಲೆಯ ಜಗಲಿಯಲ್ಲಿ ಹಾಸಿ ನೋಡಿದೆ, ಐದನೇ ತರಗತಿಯ ಬಾಗಿಲಿನಿಂದ ಆಫೀಸು ಕೋಣೆ ದಾಟಿತು. ಬ್ಯಾಕ್ಟೀರಿಯಾ ಅಂದರೆ ಬರೀ ರೋಗ ತರುವ ಕ್ರಿಮಿ ಅಂತ ತಿಳಿಯಬಾರದು. ದೊಡ್ಡ ಕರುಳಿನಲ್ಲಿ ಒಂದೊಂದು ಗ್ರಾಂ ಪದಾರ್ಥದಲ್ಲೂ ಸುಮಾರು ಹತ್ತು ಸಾವಿರ ಕೋಟಿ ಬ್ಯಾಕ್ಟೀರಿಯಾಗಳು ಇರುತ್ತವೆ. ಅಲ್ಲಿ ಅವು ಇರಬೇಕಾದವೇ. ಆದರೆ ಸಣ್ಣ ಕರುಳಿನ ಮೇಲ್ಭಾಗದಲ್ಲಿ ಒಂದು ಮಿಲಿಲೀಟರ್ ರಸಕ್ಕೆ ಸಾವಿರ ಸಹ ಇರುವುದಿಲ್ಲ. ನಾವು ಉಂಡದ್ದನ್ನು ರಕ್ತಕ್ಕೆ ಹೀರಿಕೊಳ್ಳುವ ಜಾಗ ಅದು, ಅಲ್ಲಿ ಪಾಲುದಾರರು ಜಾಸ್ತಿ ಇರಬಾರದು.

ಅವು ಹೆಚ್ಚದಂತೆ ದೇಹ ಕಾವಲು ಇಟ್ಟಿದೆ. ಜಠರದ ಆಮ್ಲ ಊಟದ ಜೊತೆ ಬಂದ ಬಹಳಷ್ಟು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಸಣ್ಣ ಕರುಳು ದೊಡ್ಡ ಕರುಳು ಸೇರುವ ಕಡೆ ಒಂದು ಕವಾಟ ಇದೆ, ಕೆಳಗಿನವು ಮೇಲೆ ಬರದ ಹಾಗೆ. ಇವಲ್ಲದೆ ಹೊಟ್ಟೆ ಖಾಲಿ ಇದ್ದಾಗ ಒಂದೂವರೆ ಎರಡು ಗಂಟೆಗೊಮ್ಮೆ ಮೇಲಿಂದ ಕೆಳಕ್ಕೆ ಒಂದು ಅಲೆ ಹೋಗುತ್ತದೆ, ಪೊರಕೆ ಹಿಡಿದು ಗುಡಿಸಿದ ಹಾಗೆ. ಮೂರನೇ ಪೀರಿಯಡ್ಡಿನಲ್ಲಿ ನಮ್ಮೆಲ್ಲರ ಹೊಟ್ಟೆ ಕೂಗುತ್ತದಲ್ಲ, ಅದರಲ್ಲಿ ಈ ಪೊರಕೆಯ ಸದ್ದೂ ಇದೆ.

ಅಜ್ಜಿಗೆ ಈ ಕಾವಲು ಕೆಟ್ಟಿತ್ತು. ಆಪರೇಷನ್ನಿನಲ್ಲಿ ಆಮ್ಲ ಕಡಿಮೆಯಾಗಲಿ ಅಂತ ನರ ಕತ್ತರಿಸಿ, ಜಠರವನ್ನು ಸಣ್ಣ ಕರುಳಿನ ಕೆಳಗಿನ ಸುತ್ತಿಗೆ ನೇರವಾಗಿ ಜೋಡಿಸಿದ್ದರು. ಊಟ ಹೊಸ ದಾರಿಯಲ್ಲಿ ಹೋಗುತ್ತಿತ್ತು. ಹಳೆಯ ಸುತ್ತಿನಲ್ಲಿ ರಸ ನಿಧಾನ. ನಮ್ಮ ಕೆರೆಯ ತೂಬಿನಿಂದ ಹೊಸ ಕಾಲುವೆ ತೋಡಿದ ಮೇಲೆ ಹಳೆ ಕಾಲುವೆ ಏನಾಯಿತು ಅಂತ ನೋಡಿದ್ದೀರಲ್ಲ. ನೀರು ನಿಂತಲ್ಲಿ ಪಾಚಿ. ಹಾಗೇ ಅಲ್ಲಿ ವರ್ಷಗಟ್ಟಲೆ ಬ್ಯಾಕ್ಟೀರಿಯಾ ಬೆಳೆದಿತ್ತು. ಆಪರೇಷನ್ ಆಗದವರಿಗೂ ಇದು ಬರಬಹುದು. ಬಹಳ ವರ್ಷದ ಸಕ್ಕರೆ ಕಾಯಿಲೆಯಿಂದ ಕರುಳಿನ ಚಲನೆ ನಿಧಾನವಾದವರಿಗೆ, ವಯಸ್ಸಾದವರಿಗೆ, ಆಮ್ಲ ತಗ್ಗಿಸುವ ಮಾತ್ರೆಯನ್ನು ಕೇಳದೆ ಮಾಡದೆ ವರ್ಷಗಟ್ಟಲೆ ನುಂಗುವವರಿಗೂ.

ಬ್ಯಾಕ್ಟೀರಿಯಾ ಅಲ್ಲಿ ಏನು ಮಾಡುತ್ತದೆ? ದೋಸೆ ಹಿಟ್ಟನ್ನು ನೆನೆಸಿಕೊಳ್ಳಿ. ರಾತ್ರಿ ರುಬ್ಬಿ ಇಟ್ಟದ್ದು ಬೆಳಗ್ಗೆ ಉಕ್ಕಿ ಪಾತ್ರೆಯಿಂದ ಚೆಲ್ಲಿರುತ್ತದೆ. ಸೂಕ್ಷ್ಮಜೀವಿಗಳು ಹಿಟ್ಟನ್ನು ತಿಂದು ಅನಿಲ ಬಿಟ್ಟದ್ದೇ ಕಾರಣ. ಅದೇ ಕೆಲಸ ಅಜ್ಜಿಯ ಹೊಟ್ಟೆಯೊಳಗೆ ಊಟವಾದ ಕೂಡಲೇ ನಡೆಯುತ್ತಿತ್ತು. ಜಲಜನಕ, ಇಂಗಾಲದ ಡೈ ಆಕ್ಸೈಡ್, ಕೆಲವರಲ್ಲಿ ಮೀಥೇನ್ ಹುಟ್ಟುತ್ತವೆ. ಅದಕ್ಕೇ ಉಬ್ಬರ.

ಎರಡನೆಯದು ಪಿತ್ತರಸ. ಪಾತ್ರೆಯ ಜಿಡ್ಡನ್ನು ಸೋಪು ಬಿಡಿಸುವ ಹಾಗೆ ಪಿತ್ತರಸ ಎಣ್ಣೆ ತುಪ್ಪವನ್ನು ಒಡೆಯುತ್ತದೆ. ಬ್ಯಾಕ್ಟೀರಿಯಾ ಪಿತ್ತರಸವನ್ನು ಮೊದಲೇ ಕೆಡಿಸಿದರೆ ಜಿಡ್ಡು ಜೀರ್ಣವಾಗದೆ ಹೊರಗೆ ಹೋಗುತ್ತದೆ. ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ: ಮಲ ಬಿಳಿಚಾಗಿ, ಅಂಟಂಟಾಗಿ, ನೀರಿನ ಮೇಲೆ ತೇಲುತ್ತದೆ. ಜಿಡ್ಡಿನ ಜೊತೆ ಎ, ಡಿ, ಇ ಜೀವಸತ್ವಗಳೂ ಹೋಗಿಬಿಡುತ್ತವೆ. 'ಎ' ಕಡಿಮೆಯಾದರೆ ಇರುಳುಗಣ್ಣು ಬರುವುದನ್ನು ನಾವು ಪಾಠದಲ್ಲಿ ಓದಿದ್ದೇವೆ. ಚರ್ಮವೂ ಒಣಗಿ ಒರಟಾಗುತ್ತದೆ. ಅಜ್ಜಿಯ ಮೊಣಕಾಲಿನ ಕೆಳಗೆ ಚರ್ಮ ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿದಿತ್ತು.

ಮೂರನೆಯದೇ ಗೆಣ್ಣಿನ ಗುಟ್ಟು. ಬಿ12 ಅಂತ ಒಂದು ಜೀವಸತ್ವ ಇದೆ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ ಸಿಗುತ್ತದೆ, ಸೊಪ್ಪು ಕಾಳುಗಳಲ್ಲಿ ಇಲ್ಲ. ಕೆಂಪು ರಕ್ತಕಣ ಬೆಳೆಯಲು, ನರಗಳಿಗೆ ಅದು ಬೇಕೇ ಬೇಕು. ಅಜ್ಜಿಯ ರಕ್ತದಲ್ಲಿ ಅದು ಬಹಳ ಕಡಿಮೆ ಇತ್ತು. ಅಪ್ಪನಿಗೆ ಆಶ್ಚರ್ಯ. 'ನಮ್ಮನೇಲಿ ದಿನಾ ಮೊಸರು, ಭಾನುವಾರ ಬಾಡು, ಮತ್ತೆ ಹೆಂಗೆ ಕಮ್ಮಿ ಆಗುತ್ತೆ ಡಾಕ್ಟ್ರೇ?' ಅಂದರು. ತಿಂದದ್ದು ಬಂದಿದೆ, ಆದರೆ ದಾರಿಯಲ್ಲೇ ಕಳುವಾಗಿದೆ. ಬಿ12 ರಕ್ತಕ್ಕೆ ಸೇರುವುದು ಸಣ್ಣ ಕರುಳಿನ ಕೊನೆಯ ಭಾಗದಲ್ಲಿ. ಅಲ್ಲಿಗೆ ತಲುಪುವ ಮೊದಲೇ ಬ್ಯಾಕ್ಟೀರಿಯಾಗಳು ಅದನ್ನು ಕಸಿದುಕೊಳ್ಳುತ್ತವೆ. ಯಕೃತ್ತಿನಲ್ಲಿ ಕೆಲವು ವರ್ಷಕ್ಕಾಗುವಷ್ಟು ಬಿ12 ಕೂಡಿಟ್ಟಿರುವುದರಿಂದ ಕೊರತೆ ಕಾಣುವುದು ತಡ.

ಬಿ12 ಕಡಿಮೆಯಾದಾಗ ಕೆಲವರ ಚರ್ಮದಲ್ಲಿ ಮೆಲನಿನ್ ಎಂಬ ಬಣ್ಣ ಹೆಚ್ಚುತ್ತದೆ, ಅದರಲ್ಲೂ ಬೆರಳ ಗೆಣ್ಣುಗಳಲ್ಲಿ. ಇದನ್ನು ಚೆನ್ನಾಗಿ ಗುರುತಿಸಿ ಬರೆದವರು ನಮ್ಮ ಪಕ್ಕದ ವೆಲ್ಲೂರಿನವರು! ಅಲ್ಲಿಯ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಡಾ. ಬೇಕರ್ ಮತ್ತು ಸಂಗಡಿಗರು 1963ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಬಿ12 ಕೊಟ್ಟರೆ ಆ ಕಪ್ಪು ಹೋಗುತ್ತದೆ. ಆರು ಡಬ್ಬಿ ಮುಲಾಮು ಯಾಕೆ ಕೆಲಸ ಮಾಡಲಿಲ್ಲ ಅಂತ ನನಗೆ ಆಗ ಗೊತ್ತಾಯ್ತು.

ಚರ್ಮಕ್ಕೂ ಕರುಳಿಗೂ ಇರುವ ನಂಟು ಇದೊಂದೇ ಅಲ್ಲ. ಮುಖ ಕೆಂಪಾಗಿ ಗುಳ್ಳೆ ಏಳುವ ರೊಸೇಷಿಯಾ ಎಂಬ ಕಾಯಿಲೆಯವರನ್ನು ಇಟಲಿಯ ಜಿನೋವಾ ನಗರದ ವೈದ್ಯರು ಪರೀಕ್ಷಿಸಿದಾಗ, ಬೇರೆಯವರಿಗಿಂತ ಅವರಲ್ಲಿ ಈ ಕರುಳಿನ ತೊಂದರೆ ಹೆಚ್ಚಿತ್ತು. ಅದಕ್ಕೆ ಔಷಧಿ ಕೊಟ್ಟಾಗ ಹಲವರ ಮುಖ ಸರಿಹೋಯಿತು. ಇದು 2008ರಲ್ಲಿ ಪ್ರಕಟವಾಯಿತು. ಹಾಗಂತ ಎಲ್ಲದಕ್ಕೂ ಹೊಟ್ಟೆಯನ್ನೇ ಬೈಯಬಾರದು. ನಮ್ಮ ಹಾಸ್ಟೆಲ್ ಹುಡುಗರ ಕಜ್ಜಿ ಹೊಟ್ಟೆಯಿಂದ ಬಂದದ್ದಲ್ಲ, ಅದು ಕಣ್ಣಿಗೆ ಕಾಣದಷ್ಟು ಸಣ್ಣ ಹುಳದಿಂದ.

ಪರೀಕ್ಷೆಯ ವಿಷಯ ನನಗೆ ಎಲ್ಲಕ್ಕಿಂತ ಹಿಡಿಸಿತು. ನಮ್ಮ ದೇಹದ ಜೀವಕೋಶಗಳು ಜಲಜನಕ ಅನಿಲ ತಯಾರಿಸುವುದಿಲ್ಲ, ಬ್ಯಾಕ್ಟೀರಿಯಾ ತಯಾರಿಸುತ್ತವೆ. ಅದು ರಕ್ತದಲ್ಲಿ ಕರಗಿ, ಶ್ವಾಸಕೋಶಕ್ಕೆ ಬಂದು ಉಸಿರಲ್ಲಿ ಹೊರಡುತ್ತದೆ. ಗ್ಲೂಕೋಸ್ ನೀರು ಕುಡಿಸಿ, ಸ್ವಲ್ಪ ಸ್ವಲ್ಪ ಹೊತ್ತಿಗೊಮ್ಮೆ ಕೊಳವೆಗೆ ಊದಿಸುತ್ತಾರೆ. ಗ್ಲೂಕೋಸ್ ಸಣ್ಣ ಕರುಳಿನ ಮೇಲ್ಭಾಗದಲ್ಲೇ ಹೀರಿಹೋಗಬೇಕು, ದೊಡ್ಡ ಕರುಳಿಗೆ ಉಳಿಯಬಾರದು. ಹಾಗಿದ್ದೂ ಉಸಿರಲ್ಲಿ ಜಲಜನಕ ಏರಿದರೆ, ಮೇಲೆಯೇ ಯಾರೋ ತಿನ್ನುತ್ತಿದ್ದಾರೆ ಅಂತ ಅರ್ಥ. ಹಿಂದಿನ ದಿನ ಬರೀ ಅನ್ನ ತಿನ್ನಬೇಕು, ರಾಗಿ ಕಾಳು ಕೂಡದು ಅಂದಿದ್ದರು. ಅಜ್ಜಿಗೆ ರೋಗಕ್ಕಿಂತ ಇದೇ ದೊಡ್ಡ ಕಷ್ಟವಾಯಿತು. 'ಹಿಟ್ಟಿಲ್ಲದ ಊಟ ಒಂದು ಊಟವೇನಮ್ಮಾ?' ಅಂತ ಡಾಕ್ಟರಮ್ಮನನ್ನೇ ಕೇಳಿದರು. ಎರಡು ಗಂಟೆ ಕೂತು ಊದಿದರು. ಜಲಜನಕ ಏರಿತ್ತು.

ಹದಿನಾಲ್ಕು ದಿನ ರಿಫಾಕ್ಸಿಮಿನ್ ಮಾತ್ರೆ ಕೊಟ್ಟರು. ಜೊತೆಗೆ ಬಿ12 ಇಂಜೆಕ್ಷನ್. ನುಂಗಿದರೆ ಮತ್ತೆ ಕಳ್ಳರ ಪಾಲು, ಸೂಜಿಯಿಂದ ಕೊಟ್ಟರೆ ನೇರ ರಕ್ತಕ್ಕೆ. ಮೊದಲ ವಾರ ದಿನಾ, ಆಮೇಲೆ ವಾರಕ್ಕೊಂದು, ಈಗ ತಿಂಗಳಿಗೊಂದು. ಹೊಟ್ಟೆ ಎರಡು ವಾರದಲ್ಲೇ ಇಳಿಯಿತು. ಹಳೆ ಸುತ್ತು ಒಳಗೇ ಇರುವುದರಿಂದ ಬ್ಯಾಕ್ಟೀರಿಯಾ ಮತ್ತೆ ಬೆಳೆಯಬಹುದು, ಉಬ್ಬರ ಶುರುವಾದರೆ ತಡಮಾಡದೆ ಬನ್ನಿ ಅಂದಿದ್ದಾರೆ. ಆಷಾಢದಲ್ಲಿ ಒಂದು ಸಲ ಶುರುವಾಯಿತು, ಹೋಗಿ ಬಂದೆವು.

ಗೆಣ್ಣುಗಳನ್ನು ನಾನು ಪ್ರತಿ ಭಾನುವಾರ ನೋಡಿ ನೋಟ್ ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಮೂರನೇ ವಾರ ಬಲಗೈ ಕಿರುಬೆರಳು ತಿಳಿಯಾಯಿತು. ಮೂರು ತಿಂಗಳಿಗೆ ಎಡಗೈ ಹೆಬ್ಬೆರಳು ಬಿಟ್ಟು ಎಲ್ಲವೂ. ಪುಟ ಬೇಕಾದವರು ನನ್ನ ಹತ್ತಿರ ಕೇಳಿ ನೋಡಬಹುದು. ಹೋದ ಶನಿವಾರ ಅಜ್ಜಿ ಹಿಟ್ಟು ಮುರಿದು ಬಸ್ಸಾರಿನಲ್ಲಿ ಅದ್ದಿ ನನಗೆ ಕೊಟ್ಟರು, ತಿಂದೆ. ಇನ್ನೊಂದು ಮಾತು, ಈ ವರ್ಷದ ಹುಣಸೆಹಣ್ಣು ಅಂಗಳಕ್ಕೆ ಬಂದಿದೆ, ಬೀಜ ಬಿಡಿಸಲು ಬರುವವರು ಭಾನುವಾರ ಬೆಳಗ್ಗೆ ಬನ್ನಿ. ಕಡ್ಲೆಪುರಿ ಇರುತ್ತೆ.