ಮಾತೃಪುರ: ಜಾನ್ಸ್‌ಟೌನ್ ಪ್ರದೇಶದ ಭೂಗೋಳ ಮತ್ತು ಜನಸಂಖ್ಯೆ

'ಮೆಟ್ರೊಪೊಲಿಸ್' ಎಂಬ ಗ್ರೀಕ್ ಶಬ್ದವನ್ನು ನಾವು 'ಮಹಾನಗರ'ವೆಂದು ಕನ್ನಡಿಸುವುದು ರೂಢಿಯಾಗಿದೆ. ಶಬ್ದದ ಮೂಲವನ್ನು ವಿಚಾರಿಸಿದರೆ ಅಲ್ಲಿ ಗಾತ್ರದ ಮಾತೇ ಇಲ್ಲ. ಪೂರ್ವಪದವು ನಮ್ಮ 'ಮಾತೃ'ವಿಗೂ ಉತ್ತರಪದವು 'ಪುರ'ಕ್ಕೂ ಜ್ಞಾತಿಗಳು. ಆದುದರಿಂದ 'ಮಾತೃಪುರ'ವೆಂಬುದೇ ನೇರವಾದ ಅನುವಾದ. ಅಮೇರಿಕೆಯ ಜನಗಣತಿಯ ಲೆಕ್ಕದಲ್ಲಿಯೂ ಈ ಅರ್ಥವೇ ಹೆಚ್ಚು ಹೊಂದುತ್ತದೆ. ಕನಿಷ್ಠ 50,000 ಜನರ ಒತ್ತಾದ ವಸತಿಯೊಂದು, ಅದಿರುವ ಕೌಂಟಿ (ನಮ್ಮ ಜಿಲ್ಲೆಯಂತಹುದು), ದಿನನಿತ್ಯ ಅಲ್ಲಿಗೆ ಕೆಲಸಕ್ಕೆ ಬಂದುಹೋಗುವ ಜನರಿರುವ ನೆರೆಯ ಕೌಂಟಿಗಳು, ಇವೆಲ್ಲ ಸೇರಿ ಒಂದು ಮೆಟ್ರೊಪಾಲಿಟನ್ ಪ್ರದೇಶವೆನಿಸುತ್ತದೆ.

ಪೆನ್ಸಿಲ್ವೇನಿಯಾ ರಾಜ್ಯದ ಪಶ್ಚಿಮ ಭಾಗದಲ್ಲಿರುವ ಜಾನ್ಸ್‌ಟೌನ್ ಇಂತಹ ಸಣ್ಣ ಪ್ರದೇಶಗಳಲ್ಲೊಂದು. ಕೇಂಬ್ರಿಯಾ ಎಂಬ ಒಂದೇ ಕೌಂಟಿಯೇ ಅದರ ವ್ಯಾಪ್ತಿ. ಅಲಿಗೇನಿ ಪ್ರಸ್ಥಭೂಮಿಯನ್ನು ಕೊರೆದು ಹರಿದುಬರುವ ಲಿಟ್ಲ್ ಕಾನಿಮಾ ಮತ್ತು ಸ್ಟೋನಿಕ್ರೀಕ್ ನದಿಗಳು ಇಲ್ಲಿ ಕೂಡಿ ಕಾನಿಮಾ ನದಿಯಾಗುತ್ತವೆ. ಸಂಗಮದ ಇಕ್ಕಟ್ಟಾದ ಸಮತಟ್ಟಿನಲ್ಲಿ ಊರು. ಸುತ್ತಲೂ ಕಡಿದಾದ ಗುಡ್ಡಗಳು. ಗುಡ್ಡಗಳ ಒಡಲಲ್ಲಿ ಕಲ್ಲಿದ್ದಲು. 1852ರಲ್ಲಿ ಸ್ಥಾಪಿತವಾದ ಕೇಂಬ್ರಿಯಾ ಕಬ್ಬಿಣದ ಕಂಪನಿಯು ಈ ನೆಲೆಯಲ್ಲಿಯೇ ಬೆಳೆಯಿತು.

ಊರಿಗೆ ಅನ್ನ ನೀಡಿದ ಕಣಿವೆಯೇ ಅದಕ್ಕೆ ಮೃತ್ಯುವೂ ಆಯಿತು. ಸುಮಾರು 14 ಮೈಲು ಮೇಲೆ, ಧನಿಕರ ವಿಹಾರಸಂಘವೊಂದರ ವಶದಲ್ಲಿದ್ದ ಸೌತ್ ಫೋರ್ಕ್ ಕಟ್ಟೆಯು ಸರಿಯಾದ ದುರಸ್ತಿಯಿಲ್ಲದೆ 1889ರ ಮೇ 31ರಂದು ಒಡೆದು 2,209 ಜನರು ಮಡಿದರು. ಕಟ್ಟೆಯ ಹೊಣೆಗಾರರು ಯಾರೂ ನ್ಯಾಯಾಲಯದಲ್ಲಿ ದಂಡ ತೆರಲಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. 1891ರಲ್ಲಿ ಗುಡ್ಡದ ಮೇಲಿನ ವೆಸ್ಟ್‌ಮಾಂಟ್ ಬಡಾವಣೆಗೆ ಇಳಿಜಾರು ರೈಲನ್ನು ಕಟ್ಟಿದರು. 1936ರ ನೆರೆಯಲ್ಲಿ ಸಾವಿರಾರು ಜನರು ಅದನ್ನೇರಿ ಪ್ರಾಣ ಉಳಿಸಿಕೊಂಡರು. 1977ರಲ್ಲಿ ಮತ್ತೊಂದು ನೆರೆ.

ಉಕ್ಕಿನ ಕುಲುಮೆಗಳಿಗೆ ಮೊದಲು ವೇಲ್ಸ್, ಜರ್ಮನಿ, ಐರ್ಲೆಂಡಿನವರು, ತರುವಾಯ ಸ್ಲೋವಾಕ್, ಹಂಗೇರಿ, ಪೋಲೆಂಡ್, ಇಟಲಿಗಳವರು, ದಕ್ಷಿಣದ ರಾಜ್ಯಗಳ ಕಪ್ಪುಜನರು ಬಂದರು. ಜನಗಣತಿಯ ಅಂಕಿಗಳು ಹೇಳದ ಸಂಗತಿಯೊಂದುಂಟು: 1923ರಲ್ಲಿ ನಗರಾಧ್ಯಕ್ಷ ಜೋಸೆಫ್ ಕಾಫೀಲ್, ಏಳು ವರ್ಷಕ್ಕಿಂತ ಕಡಿಮೆ ಕಾಲದಿಂದ ನೆಲೆಸಿದ್ದ ಕಪ್ಪುಜನರೂ ಮೆಕ್ಸಿಕನ್ನರೂ ಊರು ಬಿಡಬೇಕೆಂದು ಆಜ್ಞಾಪಿಸಿದನು. ಬಹುಮಂದಿ ಬಿಟ್ಟುಹೋದರು. ದುಡಿಮೆಗೆ ಕರೆದ ಊರೇ ಬಾಗಿಲು ಮುಚ್ಚಿದ್ದು ಹೀಗೆ.

1920ರಲ್ಲಿ ನಗರದ ಜನಸಂಖ್ಯೆ 67,327. ಬೆತ್ಲಹೆಮ್ ಉಕ್ಕಿನ ಕಂಪನಿಯು 1992ರಲ್ಲಿ ಇಲ್ಲಿನ ಕೆಲಸವನ್ನು ನಿಲ್ಲಿಸಿತು. ಅದಕ್ಕೆ ಮುನ್ನವೇ ತರುಣರು ಉದ್ಯೋಗವನ್ನರಸಿ ಹೊರಟಿದ್ದರು. ಉಳಿದವರಲ್ಲಿ ವೃದ್ಧರು ಹೆಚ್ಚಾಗಿ, ಜನನಕ್ಕಿಂತ ಮರಣವೇ ಅಧಿಕವಾಯಿತು. 2020ರ ಗಣತಿಯಲ್ಲಿ ನಗರದ ಎಲ್ಲೆಯೊಳಗೆ ಎಣಿಕೆಯಾದವರು 18,411 ಮಂದಿ, ಕೌಂಟಿಯಲ್ಲಿ 1,33,472. ಸುತ್ತಲಿನ ಸಣ್ಣ ಊರುಗಳನ್ನು ಕೂಡಿಸದಿದ್ದರೆ 50,000ದ ಮಿತಿಯೂ ದಕ್ಕದು. ಒಂದು ಕಾಲಕ್ಕೆ ಕೌಂಟಿಯ ಮೂರನೆಯ ಒಂದು ಪಾಲು ಜನರಿದ್ದ ತಾಯೂರಿನಲ್ಲಿ ಈಗಿರುವವರು ಏಳರಲ್ಲಿ ಒಬ್ಬರು; ಪ್ರದೇಶದ ಹೆಸರು ಮಾತ್ರ ಇಂದಿಗೂ ಆಕೆಯದೇ.