ಹಾಲು, ಸಕ್ಕರೆ, ಕಾಗದ: ಮಗಳಿಗೆ ಕೆಮಿಕಲ್ ಎಂಜಿನಿಯರಿಂಗ್ ಓದಿಸಬಹುದೇ?

ಹೈನುಗಾರ ಅಕ್ಕ-ತಂಗಿಯರೇ,

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆಯ ಸಂಘಗಳಿಗೆ ದನಗಳ ತಪಾಸಣೆಗೆ ಬಂದಾಗ ಬೇಸಿಗೆಯಲ್ಲಿ ನೀವು ಕೇಳುವ ಪ್ರಶ್ನೆ ದನದ್ದಲ್ಲ, ಮಕ್ಕಳದ್ದು. "ಡಾಕ್ಟರೇ, ಮಗಳು ಸೈನ್ಸ್ ತಗೊಂಡಾಳ. ಕೆಮಿಕಲ್ ಎಂಜಿನಿಯರಿಂಗ್ ಅಂತಾಳ. ಅದೇನು, ಓದಿಸಬಹುದಾ?" ಹಾಲಿನ ಬಿಲ್ಲಿನಲ್ಲಿ ಉಳಿಸಿದ ದುಡ್ಡು ಕಾಲೇಜಿಗೆ ಹೋಗುವ ಮೊದಲು ಈ ಪ್ರಶ್ನೆಗೆ ಸರಿಯಾದ ಉತ್ತರ ಗೊತ್ತಿರಬೇಕು. ಅದಕ್ಕಾಗಿ ಈ ಪಾಠ.

ರಸಾಯನಶಾಸ್ತ್ರ ಬೇರೆ, ಇದು ಬೇರೆ

ಒಂದು ಲೋಟ ಹಾಲಿಗೆ ಹೆಪ್ಪು ಹಾಕಿದರೆ ಯಾಕೆ ಮೊಸರಾಗುತ್ತದೆ ಎಂದು ತಿಳಿಸುವುದು ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರ. ಹತ್ತು ಸಾವಿರ ಲೀಟರ್ ಹಾಲು ದಿನವೂ ಒಂದೇ ರುಚಿಯ ಮೊಸರಾಗಬೇಕು, ಹುಳಿ ಹೆಚ್ಚಾಗಬಾರದು, ಖರ್ಚು ಮಿತಿಯಲ್ಲಿರಬೇಕು, ಕೆಲಸಗಾರರಿಗೆ ಅಪಾಯವಾಗಬಾರದು. ಇದಕ್ಕೆ ಬೇಕಾದ ಟ್ಯಾಂಕು, ಪೈಪು, ಉಗಿ, ತಂಪು ಎಲ್ಲವನ್ನೂ ಲೆಕ್ಕ ಹಾಕಿ ನಡೆಸುವುದು ಕೆಮಿಕಲ್ ಎಂಜಿನಿಯರಿಂಗ್. ನಾಲ್ಕು ವರ್ಷದ, ಎಂಟು ಸೆಮಿಸ್ಟರಿನ ಪದವಿ. ಅದರಲ್ಲಿ ರಸಾಯನಶಾಸ್ತ್ರಕ್ಕಿಂತ ಗಣಿತ ಮತ್ತು ಭೌತಶಾಸ್ತ್ರವೇ ಹೆಚ್ಚು. ಈ ಮಾತು ಮಗಳಿಗೆ ಮೊದಲೇ ತಿಳಿದಿರಲಿ.

ಏನೇನು ಕಲಿಸುತ್ತಾರೆ?

ಪಾಠಗಳ ಹೆಸರು ದೊಡ್ಡವು. ಆದರೆ ಅವು ಹೇಳುವ ಕೆಲಸಗಳಲ್ಲಿ ಹೆಚ್ಚಿನವನ್ನು ನೀವು ಡೇರಿಯಲ್ಲಿ ನೋಡಿದ್ದೀರಿ.

1. ವಸ್ತು ಸಮತೋಲನ: ಒಳಗೆ ಬಂದದ್ದೆಷ್ಟು, ಹೊರಗೆ ಹೋದದ್ದೆಷ್ಟು ಎಂಬ ಲೆಕ್ಕ. ಮೊದಲು ಕಲಿಸುವುದೇ ಇದನ್ನು.

2. ಶಾಖ ವರ್ಗಾವಣೆ: ಬಿಎಂಸಿಯಲ್ಲಿ ಬಿಸಿ ಹಾಲು 4 ಡಿಗ್ರಿಗೆ ಇಳಿಯುವುದು. ಡೇರಿಯಲ್ಲಿ ಹಾಲನ್ನು 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿ ಪಾಶ್ಚರೀಕರಣ ಮಾಡುವಾಗ, ಕಾದು ಹೊರಬರುವ ಹಾಲಿನ ಬಿಸಿಯಿಂದಲೇ ಒಳಗೆ ಬರುವ ತಣ್ಣನೆಯ ಹಾಲನ್ನು ಬಿಸಿ ಮಾಡುತ್ತಾರೆ. ಇದರಿಂದ ಇಂಧನ ಉಳಿಯುತ್ತದೆ.

3. ಬೇರ್ಪಡಿಸುವಿಕೆ: ಯಂತ್ರ ತಿರುಗಿಸಿ ಹಾಲಿನಿಂದ ಕೆನೆ ತೆಗೆಯುವುದು, ಒಣಗಿಸುವುದು, ಬಟ್ಟಿ ಇಳಿಸುವುದು.

4. ಕ್ರಿಯೆಯ ವೇಗ: ಬೇಸಿಗೆಯಲ್ಲಿ ಮೊಸರು ಬೇಗ, ಚಳಿಯಲ್ಲಿ ತಡ. ನಿಮ್ಮ ಗೋಬರ್ ಗ್ಯಾಸ್ ಗುಂಡಿಯೂ ಇದೇ ಪಾಠ. ದಿನಕ್ಕೆ 50 ಕೆಜಿ ಸಗಣಿಗೆ ಅಷ್ಟೇ ನೀರು ಕಲಸಿ ಹಾಕಿದರೆ ಸುಮಾರು 100 ಲೀಟರ್ ರಾಡಿ. ಗುಂಡಿಯಲ್ಲಿ 4,000 ಲೀಟರ್ ಹಿಡಿದರೆ ಇವತ್ತು ಹಾಕಿದ ಸಗಣಿ ಸುಮಾರು 40 ದಿನ ಒಳಗಿರುತ್ತದೆ. ನೀರು ಹೆಚ್ಚು ಸುರಿದರೆ ಕೊಳೆಯುವ ಮೊದಲೇ ಹೊರಬರುತ್ತದೆ, ಗ್ಯಾಸ್ ಕಡಿಮೆಯಾಗುತ್ತದೆ.

5. ಸುರಕ್ಷತೆ, ನಿಯಂತ್ರಣ, ಘಟಕದ ವಿನ್ಯಾಸ: ಇವು ಕೊನೆಯ ವರ್ಷಗಳ ಪಾಠ.

ಒಂದೇ ಪಾಠ, ಮೂರು ಕಾರ್ಖಾನೆ

ಒಲೆಯ ಮೇಲೆ ಬಾಸುಂದಿಗೆ ಹಾಲು ಬತ್ತಿಸುವಾಗ ಹಬೆಯೆಲ್ಲ ಮಾಡಿಗೆ ಹೋಗುತ್ತದೆ, ಕಟ್ಟಿಗೆ ಖಾಲಿಯಾಗುತ್ತದೆ. ಈ ಹಬೆಯನ್ನೇ ಪಕ್ಕದ ಪಾತ್ರೆ ಕುದಿಸಲು ಬಳಸಿದರೆ? ಎರಡನೇ ಪಾತ್ರೆಯ ಒಳಗಿನ ಗಾಳಿಯ ಒತ್ತಡ ಕಡಿಮೆ ಮಾಡಿದರೆ ಅಲ್ಲಿಯ ದ್ರವ ಕಡಿಮೆ ಬಿಸಿಗೇ ಕುದಿಯುತ್ತದೆ. ಹೀಗೆ ಮೂರು-ನಾಲ್ಕು ಪಾತ್ರೆ ಸಾಲಾಗಿ ಜೋಡಿಸಬಹುದು. ಅಮೆರಿಕದ ನ್ಯೂ ಆರ್ಲಿಯನ್ಸಿನ ನಾರ್ಬರ್ಟ್ ರಿಲ್ಯೂ ಎಂಬವರು ಕಬ್ಬಿನ ರಸಕ್ಕಾಗಿ ಇದನ್ನು ರೂಪಿಸಿ 1843ರಲ್ಲಿ ಪೇಟೆಂಟ್ ಪಡೆದರು.

ಹಳಿಯಾಳದ ಇಐಡಿ ಪ್ಯಾರಿ ಸಕ್ಕರೆ ಕಾರ್ಖಾನೆಯಂಥಲ್ಲಿ ಕಬ್ಬಿನ ರಸ ಗಟ್ಟಿಯಾಗುವುದು ಇದೇ ವಿಧಾನದಿಂದ. ಹಾಲಿನ ಪುಡಿ ಮಾಡುವಲ್ಲಿಯೂ ಇದೇ ಸಾಲು ಪಾತ್ರೆಗಳು. ಅಲ್ಲಿ ಹಾಲು 70 ಡಿಗ್ರಿಗೂ ಕಡಿಮೆ ಬಿಸಿಯಲ್ಲಿ ಕುದಿಯುವುದರಿಂದ ಸೀದು ಹೋಗುವುದಿಲ್ಲ. ಇನ್ನು ದಾಂಡೇಲಿಗೆ ಬನ್ನಿ. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ನಮ್ಮ ಭಾಗದವರಿಗೆಲ್ಲ ಗೊತ್ತು. ಕಾಗದಕ್ಕಾಗಿ ಮರದ ಚಕ್ಕೆಗಳನ್ನು ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡಿನಲ್ಲಿ ಬೇಯಿಸುವ ವಿಧಾನಕ್ಕೆ ಕ್ರಾಫ್ಟ್ ವಿಧಾನ ಎನ್ನುತ್ತಾರೆ. ನಾರು ಉಳಿದು, ನಾರನ್ನು ಅಂಟಿಸಿ ಹಿಡಿದಿದ್ದ ಲಿಗ್ನಿನ್ ಕರಗಿ ಕಪ್ಪು ದ್ರಾವಣವಾಗುತ್ತದೆ. ಅದನ್ನು ಸಾಲು ಪಾತ್ರೆಗಳಲ್ಲಿ ಗಟ್ಟಿ ಮಾಡಿ, ಬಾಯ್ಲರಿನಲ್ಲಿ ಉರಿಸಿ, ಉಗಿಯನ್ನೂ ಪಡೆದು, ರಾಸಾಯನಿಕವನ್ನೂ ಮರಳಿ ತೆಗೆಯುತ್ತಾರೆ. ಇಂಥ ಕಾರ್ಖಾನೆಗಳ ಕಡೆ ಬರುವ ಕೊಳೆತ ಮೊಟ್ಟೆಯಂಥ ವಾಸನೆ ಗಂಧಕದ ಅನಿಲಗಳದ್ದು. ಆ ಅನಿಲವನ್ನು ಹಿಡಿಯುವುದು, ಹೊಳೆಗೆ ಹೋಗುವ ನೀರನ್ನು ಶುದ್ಧ ಮಾಡುವುದು ಕೂಡ ಇದೇ ಎಂಜಿನಿಯರುಗಳ ಕೆಲಸ. ನಮ್ಮ ದನಗಳು ಕುಡಿಯುವ ನೀರಿನ ಪ್ರಶ್ನೆಯೂ ಇದರಲ್ಲಿದೆ.

ಹೆಣ್ಣುಮಕ್ಕಳಿಗೆ ಆಗುತ್ತದೆಯೇ?

ಕೆಚ್ಚಲು ಬಾವಿಗೆ ನಾವು ಕೊಡುವ ಔಷಧಗಳಲ್ಲಿ ಪೆನಿಸಿಲಿನ್ ಗುಂಪಿನವು ಮುಖ್ಯ. ಮೊದಲು ಇದು ಪ್ರಯೋಗಾಲಯದಲ್ಲಿ ಚೂರು ಚೂರು ಸಿಗುತ್ತಿತ್ತು. ದೊಡ್ಡ ಟ್ಯಾಂಕುಗಳಲ್ಲಿ ಬೂಷ್ಟು ಬೆಳೆಸಿ ರಾಶಿಗಟ್ಟಲೆ ತಯಾರಿಸುವ ಘಟಕದ ವಿನ್ಯಾಸದಲ್ಲಿ ಮುಖ್ಯ ಕೆಲಸ ಮಾಡಿದವರು ಮಾರ್ಗರೆಟ್ ಹಚಿನ್‌ಸನ್ ರೂಸೋ. 1937ರಲ್ಲಿ ಅಮೆರಿಕದ ಎಂಐಟಿಯಿಂದ ಕೆಮಿಕಲ್ ಎಂಜಿನಿಯರಿಂಗಿನಲ್ಲಿ ಡಾಕ್ಟರೇಟ್ ಪಡೆದ ಹೆಣ್ಣುಮಗಳು. ಹೆಣ್ಣಿಗೆ ಬುದ್ಧಿ ಸಾಲದು ಎಂಬ ಮಾತು ಅಲ್ಲಿಗೆ ಮುಗಿಯಿತು.

ಆದರೆ ಕಷ್ಟವನ್ನೂ ಹೇಳಬೇಕು. ಕಾರ್ಖಾನೆ ಎಂದರೆ ಪಾಳಿಯ ಕೆಲಸ. ನಮ್ಮ ನಾಲ್ಕು ತಾಲೂಕುಗಳಲ್ಲಿ ಇಂಥ ಹುದ್ದೆಗಳು ಕೆಲವೇ. ತೈಲ ಶುದ್ಧೀಕರಣ, ಔಷಧ, ಬಣ್ಣ, ಗೊಬ್ಬರ, ಸಿಮೆಂಟ್, ಆಹಾರ ತಯಾರಿಕೆಯ ಕೆಲಸಕ್ಕೆ ಮಂಗಳೂರು, ಬೆಂಗಳೂರು ಅಥವಾ ಹೊರ ರಾಜ್ಯಕ್ಕೆ ಹೋಗಬೇಕಾಗಬಹುದು. ಊರಲ್ಲೇ ಕಾರ್ಖಾನೆಯಿದೆ, ಅಲ್ಲೇ ನೌಕರಿ ಸಿಗುತ್ತದೆ ಎಂಬ ಒಂದೇ ನಂಬಿಕೆಯಿಂದ ಸೇರಿಸಬೇಡಿ.

ಮಗಳ ಆಸಕ್ತಿ ನೋಡಲು ಒಂದು ಲೆಕ್ಕ

ಸಂಘದ ಚೀಟಿಯಲ್ಲಿ ಫ್ಯಾಟ್ 4.0, ಎಸ್‌ಎನ್‌ಎಫ್ 8.5 ಎಂದಿದೆ. ಅಂಥ 100 ಕೆಜಿ ಹಾಲಿನಿಂದ, ನೂರಕ್ಕೆ 4 ಪಾಲು ತೇವವಿರುವ ಪುಡಿ ಎಷ್ಟಾಗುತ್ತದೆ? ನೀರೆಷ್ಟು ತೆಗೆಯಬೇಕು?

ಉತ್ತರ: ಹಾಲಿನ ಘನಾಂಶ 4 + 8.5 = 12.5 ಕೆಜಿ. ಪುಡಿಯಲ್ಲಿ ಘನಾಂಶ ನೂರಕ್ಕೆ 96. 12.5 ÷ 0.96 = ಸುಮಾರು 13 ಕೆಜಿ ಪುಡಿ. ತೆಗೆಯಬೇಕಾದ ನೀರು ಸುಮಾರು 87 ಕೆಜಿ.

ಈ ಲೆಕ್ಕ ಮಾಡುವಾಗ ಮಗಳ ಮುಖ ನೋಡಿ. "ಇನ್ನೊಂದು ಕೊಡು" ಎಂದರೆ ಈ ಓದು ಅವಳಿಗೆ ಹೊಂದುತ್ತದೆ. ಗಣಿತ ಕಂಡರೆ ಆಗದವಳಿಗೆ ನಾಲ್ಕು ವರ್ಷ ಭಾರ.

ಸೇರುವ ದಾರಿ

ಎಸ್ಸೆಸ್ಸೆಲ್ಸಿ ಆದ ಮೇಲೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರದ ಜೊತೆ ಗಣಿತ ಇರಲೇಬೇಕು. ಗಣಿತ ಬಿಟ್ಟರೆ ಎಂಜಿನಿಯರಿಂಗ್ ಬಾಗಿಲು ಮುಚ್ಚಿದಂತೆ. ಸಿಇಟಿ ರ‍್ಯಾಂಕಿಗೆ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ನೇರವಾಗಿ ಎರಡನೇ ವರ್ಷಕ್ಕೆ ಸೇರಬಹುದು.

ಹಳಿಯಾಳದಲ್ಲಿ ಎಂಜಿನಿಯರಿಂಗ್ ಕಾಲೇಜಿದೆ ನಿಜ, ಆದರೆ ಕೆಮಿಕಲ್ ವಿಭಾಗ ಎಲ್ಲ ಕಾಲೇಜುಗಳಲ್ಲಿ ಇರುವುದಿಲ್ಲ. ದಾವಣಗೆರೆಯ ಬಾಪೂಜಿ, ತುಮಕೂರಿನ ಸಿದ್ಧಗಂಗಾ, ಬೆಂಗಳೂರಿನ ಆರ್.ವಿ., ಬಿಎಂಎಸ್, ರಾಮಯ್ಯ ಕಾಲೇಜುಗಳು ಇದನ್ನು ಕಲಿಸುತ್ತ ಬಂದಿವೆ. ಸುರತ್ಕಲ್ಲಿನ ಎನ್‌ಐಟಿಕೆ ಮತ್ತು ಧಾರವಾಡದ ಐಐಟಿಗೆ ಜೆಇಇ ಬರೆಯಬೇಕು. ಆ ವರ್ಷದ ಸೀಟು, ಶುಲ್ಕಗಳನ್ನು ಕೆಇಎ ಪಟ್ಟಿಯಲ್ಲಿ ನೋಡಿಯೇ ತೀರ್ಮಾನಿಸಿ.

ಹಾಲಿನ ಕಡೆಗೇ ಒಲವಿದ್ದರೆ ಬಿ.ಟೆಕ್ ಡೇರಿ ತಂತ್ರಜ್ಞಾನ ಹತ್ತಿರದ ಓದು. ಬೆಂಗಳೂರಿನ ಹೆಬ್ಬಾಳ ಮತ್ತು ಕಲಬುರಗಿಯ ಮಹಾಗಾಂವ್ ಕ್ರಾಸಿನಲ್ಲಿ ಕಾಲೇಜುಗಳಿವೆ. ಅಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ.

ಎಮ್ಮೆ ಮಾರುವ ಮೊದಲು

ಶುಲ್ಕಕ್ಕಾಗಿ ಹಾಲು ಕೊಡುವ ಎಮ್ಮೆಯನ್ನು ಮಾರಿದರೆ ಎರಡನೇ ವರ್ಷದ ಶುಲ್ಕಕ್ಕೆ ಹಾಲೇ ಇರುವುದಿಲ್ಲ. ಮೊದಲು ಇವನ್ನು ವಿಚಾರಿಸಿ:

• 1ರಿಂದ 10ನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದ್ದಕ್ಕೆ ಗ್ರಾಮೀಣ ಪ್ರಮಾಣಪತ್ರ, ಕನ್ನಡ ಮಾಧ್ಯಮದ ಪ್ರಮಾಣಪತ್ರ. ಸಿಇಟಿಯಲ್ಲಿ ಎರಡಕ್ಕೂ ಮೀಸಲಾತಿ ಇದೆ.

• ಎಸ್‌ಎನ್‌ಕ್ಯು ಸೀಟು: ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದೊಳಗಿದ್ದವರಿಗೆ ಬೋಧನಾ ಶುಲ್ಕ ವಿನಾಯಿತಿ.

• ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ: ಆಯ್ಕೆಯಾದ ಹೆಣ್ಣುಮಕ್ಕಳಿಗೆ ವರ್ಷಕ್ಕೆ 50,000 ರೂಪಾಯಿ.

• ರೈತ ವಿದ್ಯಾನಿಧಿ: 2021ರಲ್ಲಿ ಶುರುವಾದ ಯೋಜನೆ. ಈ ವರ್ಷದ ನಿಯಮವನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ಫ್ರೂಟ್ಸ್ ನೋಂದಣಿ ಮಾಡಿಸಿಕೊಳ್ಳಿ.

ಜಾತಿ, ಆದಾಯ ಪ್ರಮಾಣಪತ್ರಗಳನ್ನು ಪಿಯುಸಿ ಎರಡನೇ ವರ್ಷ ಮುಗಿಯುವುದರೊಳಗೆ ನಾಡಕಚೇರಿಯಲ್ಲಿ ಮಾಡಿಸಿಡಿ. ಮಗಳ ಹೆಸರು ಅಂಕಪಟ್ಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಒಂದೇ ರೀತಿ ಇದೆಯೇ ಎಂದು ಇವತ್ತೇ ನೋಡಿ. ಒಂದಕ್ಷರ ತಪ್ಪಿದ್ದರೂ ವಿದ್ಯಾರ್ಥಿವೇತನ ನಿಲ್ಲಬಹುದು.